ರಕ್ತದ ಕಂದಾಯ

ಬಡವನ ಮೈಯಿಂದ ತೆಗೆದ ತಿಳಿವಳಿಕೆ ಯಾರ ಸೊತ್ತು? ಭೂಮಿ ಯಾರದು ಅಂತ ನಾವು ಕೇಳಿದ್ದೇವೆ, ಉಳುವವನದು ಅಂತ ಬೀದಿಯಲ್ಲಿ ನಿಂತು ಉತ್ತರವನ್ನೂ ಕೂಗಿದ್ದೇವೆ. ಕೆರೆಯ ನೀರು ಯಾರದು, ಗುಡಿಯ ಬಾಗಿಲು ಯಾರದು, ಅಕ್ಷರ ಯಾರದು ಅಂತಲೂ ಕೇಳಿದ್ದೇವೆ. ಆದರೆ ನಮ್ಮ ತೋಳಿಗೆ ಸೂಜಿ ಚುಚ್ಚಿ ತೆಗೆದ ರಕ್ತ, ನಮ್ಮ ಮೂಳೆಯ ಎಕ್ಸರೇ, ನಮ್ಮ ಅಜ್ಜಿ ಜಗಲಿಯ ಮೇಲೆ ಕೂತು ಹೇಳಿದ ನೋವಿನ ವಿವರ, ಇವೆಲ್ಲ ಒಂದು ಫಾರಂ ಸೇರಿ, ಫಾರಂ ಫೈಲು ಸೇರಿ, ಫೈಲು ದೂರದ ಪ್ರಯೋಗಾಲಯ ಸೇರಿದ ಮೇಲೆ ಯಾರದಾಗುತ್ತದೆ ಅಂತ ನಾವು ಗಟ್ಟಿಯಾಗಿ ಕೇಳಿಲ್ಲ. ಕೇಳೋದಕ್ಕೆ ನಮಗೆ ಓದು ಬೇಕಾಗಿತ್ತು. ಈಗ ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಮುಟ್ಟಿದವರು ನಾವಿದ್ದೇವೆ. ನಾವು ಪದ್ಯ ಬರೆಯುವವರು, ಡಾಕ್ಟರುಗಳಲ್ಲ. ಆದರೂ ಕೇಳುತ್ತೇವೆ.

ನಾವು ಈಸೂರಿನ ಸೀಮೆಯವರು. 1942ರಲ್ಲಿ ಈ ಊರು ಮಾಡಿದ್ದನ್ನು ಕರ್ನಾಟಕದ ಶಾಲೆಯ ಮಕ್ಕಳೂ ಬಲ್ಲರು. ಕಂದಾಯ ಕೊಡೋದಿಲ್ಲ ಅಂದಿತು. ಹೊಣೆಯಿಲ್ಲದ ಸರ್ಕಾರದ ಅಧಿಕಾರಿಗಳು ಒಳಗೆ ಬರಬಾರದು ಅಂತ ಊರ ಬಾಗಿಲಲ್ಲಿ ಹಲಗೆ ಹಾಕಿತು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ತನ್ನ ಸರ್ಕಾರ ತಾನೇ ಕಟ್ಟಿಕೊಂಡಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಹುಟ್ಟಿದ್ದು ಇಲ್ಲೇ. ಆ ಸೆಪ್ಟೆಂಬರ್ ಕೊನೆಯ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು.

ಊರು ಸ್ವತಂತ್ರವಾದ ದಿನ ಕೇರಿಯೂ ಸ್ವತಂತ್ರವಾಯಿತೇ ಎಂಬ ಪ್ರಶ್ನೆ ನಮಗಿದೆ. ಅದನ್ನು ಬೇರೆಯಾಗಿ ಚರ್ಚಿಸಬೇಕು. ಆದರೆ ಈಸೂರು ಹಾಕಿಕೊಟ್ಟ ಒಂದು ನ್ಯಾಯವನ್ನು ನಾವೂ ನಮ್ಮದು ಅಂತೇವೆ. ತೆಗೆದುಕೊಳ್ಳುವವನು ಕೊಡುವವನಿಗೆ ಉತ್ತರ ಹೇಳಬೇಕು. ಹೇಳದಿದ್ದರೆ ತೆಗೆದುಕೊಳ್ಳುವ ಹಕ್ಕಿಲ್ಲ.

ಇನ್ನೊಂದು ನ್ಯಾಯ ಪಕ್ಕದ ಸಾಗರ ತಾಲ್ಲೂಕಿನಿಂದ ಬಂತು. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಒಂದು ಕೊಳಗದ ಮೇಲೆ. ಗೇಣಿ ಭತ್ತ ಅಳೆಯುವಾಗ ಒಡೆಯರ ಕೊಳಗ ದೊಡ್ಡದಾಗಿತ್ತು. ಉತ್ತವನು ಮೊದಲು ಕೇಳಿದ್ದು ಅಳತೆ ಸರಿ ಮಾಡಿ ಅಂತ. ಅಷ್ಟಕ್ಕೇ ಅವನನ್ನು ಗದ್ದೆಯಿಂದ ಹೊರಗಟ್ಟಿದರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿಗಳು ಬಂದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗ ಯಾರ ಕೈಯಲ್ಲಿದೆ ಅನ್ನೋದು ಚಿಲ್ಲರೆ ಪ್ರಶ್ನೆಯಲ್ಲ ಅಂತ ಕಾಗೋಡು ಇಡೀ ರಾಜ್ಯಕ್ಕೆ ಕಲಿಸಿತು.

ಈಸೂರಿನ ಕಂದಾಯ, ಕಾಗೋಡಿನ ಕೊಳಗ. ಈ ಎರಡು ನ್ಯಾಯಗಳನ್ನು ಹಿಡಿದುಕೊಂಡು ನಮ್ಮ ಜಿಲ್ಲೆಯ ಎರಡು ಕಾಯಿಲೆಗಳ ಕಡೆ ನೋಡೋಣ.

ಮೊದಲನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಯ ಜನ ಜ್ವರದಿಂದ ಮಲಗಿದರು, ಕೆಲವರು ಏಳಲಿಲ್ಲ. ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೋ ಏನೋ ಎಂಬ ದಿಗಿಲಿನಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ಆ ಕೇಂದ್ರ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ಕಟ್ಟಿದ್ದು. ಹಳದಿ ಜ್ವರ ಅಲ್ಲ, ಜಗತ್ತು ಕಾಣದ ಹೊಸ ವೈರಸ್ ಅಂತ ಗೊತ್ತಾಯಿತು. ಕಾಡಿನ ಉಣುಗು ಕಚ್ಚಿದರೆ ಬರುತ್ತದೆ ಅಂತ ಗೊತ್ತಾಯಿತು. ಕಾಡಿನ ಹೆಸರೇ ಕಾಯಿಲೆಯ ಹೆಸರಾಯಿತು.

ಆ ಕೆಲಸವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆ ವಿಜ್ಞಾನಿಗಳು ಉಣುಗಿನ ಕಾಡಿನಲ್ಲೇ ನಡೆದಾಡಿದರು. ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರಿಗೂ ಅದೇ ಜ್ವರ ತಗುಲಿತು. ಮನುಷ್ಯರ ಬೆವರಿಗೆ ಗೌರವ ಕೊಡದವನು ಬಂಡಾಯಗಾರನಲ್ಲ.

ಆದರೆ ಲೆಕ್ಕ ಕೇಳೋಣ. ಈ ಜ್ವರ ಯಾರಿಗೆ ಬರುತ್ತದೆ? ಡಿಸೆಂಬರ್‌ನಿಂದ ಮೇ ತನಕ, ಕಾಡು ಒಣಗಿದ ಕಾಲದಲ್ಲಿ, ಸೌದೆಗೆ ಹೋದವರಿಗೆ, ದನ ಮೇಯಿಸಲು ಹೋದವರಿಗೆ, ತರಗೆಲೆ ಗುಡಿಸಲು ಹೋದವರಿಗೆ. ಮನೆಯ ಹತ್ತಿರ ಒಣ ಎಲೆಯ ರಾಶಿ ಇದ್ದರೆ, ದನದ ಚಾಕರಿ ಇದ್ದರೆ ಅಪಾಯ ಹೆಚ್ಚು ಅಂತ ಅಧ್ಯಯನಗಳು ಹೇಳಿವೆ. ಆ ಎಲೆ ಎಲ್ಲಿಗೆ ಹೋಗುತ್ತದೆ? ನಮ್ಮ ಮಲೆನಾಡಿನಲ್ಲಿ ಅಡಿಕೆ ತೋಟದವರಿಗೆ ಸೊಪ್ಪಿನಬೆಟ್ಟ ಇದೆ. ಸೊಪ್ಪು ಸವರೋದು, ತರಗು ಹೊರೋದು ಬಹುಪಾಲು ಆಳಿನ ಕೆಲಸ. ಎಲೆ ತೋಟಕ್ಕೆ ಹೋಗುತ್ತದೆ, ಉಣುಗು ಆಳಿನ ಕಾಲಿನಲ್ಲಿ ಉಳಿಯುತ್ತದೆ. ಹಾಗಾದರೆ ಇದನ್ನು ಬರೀ ಕಾಡಿನ ಕಾಯಿಲೆ ಅನ್ನೋದು ಸರಿಯೇ? ಇದು ಕಸುಬಿನ ಕಾಯಿಲೆಯೂ ಹೌದಲ್ಲವೇ? 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದಾಗಲೂ ಜ್ವರ ಸಿಡಿದೆದ್ದಿತು. ಕಾಡು ಕಡಿಯಬೇಕು ಅಂತ ತೀರ್ಮಾನ ಮಾಡಿದವರಿಗೆ ಜ್ವರ ಬರಲಿಲ್ಲ. ಕಡಿಯುವ ಕೂಲಿಯ ಬೆನ್ನು ಹತ್ತಿತು.

ಕಾಡಿಗೆ ಹೋಗಬೇಡಿ ಅಂತ ಹೇಳ್ತಾರೆ. ಹೋದರೆ ಮೈಗೆ ಎಣ್ಣೆ ಹಚ್ಚಿಕೊಂಡು ಹೋಗಿ ಅಂತಾರೆ. ಮಾತು ಸತ್ಯವೇ. ಆದರೆ ಕಾಡಿಗೆ ಹೋಗದ ದಿನ ಒಲೆ ಹೇಗೆ ಉರಿಯಬೇಕು, ಕೂಲಿ ಯಾರು ಕೊಡಬೇಕು ಅನ್ನೋದನ್ನು ಯಾವ ಕರಪತ್ರವೂ ಹೇಳುವುದಿಲ್ಲ. ಪಾಲಿಸಲಾಗದವನಿಗೆ ಕೊಟ್ಟ ಬುದ್ಧಿಮಾತು ಕೊನೆಗೆ ಅವನ ಮೇಲೇ ಅಪವಾದವಾಗುತ್ತದೆ. ‘ಹೇಳಿದ್ದೆವು, ಕೇಳಲಿಲ್ಲ’ ಅಂತ ಬರೆದು ಫೈಲು ಮುಚ್ಚಬಹುದು.

ಲಸಿಕೆಯ ಮಾತಿಗೆ ಬನ್ನಿ. 1990ರಿಂದ ನಮ್ಮ ಜಿಲ್ಲೆಗಳಲ್ಲಿ ಲಸಿಕೆ ಹಾಕಿದರು. ಚುಚ್ಚಿದ ಜಾಗದಲ್ಲಿ ಬಹಳ ನೋವು. ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು. ಕೂಲಿ ಮಾಡುವ ತೋಳು ಅದು, ನೋವೆಂದರೆ ಕೂಲಿ ಕಳೆದಂತೆ. ಮೊದಮೊದಲು ಎರಡು ಡೋಸಿಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ರಕ್ಷಣೆ ಅಂತ ಲೆಕ್ಕ ಬಂತು. 2005ರಿಂದ 2010ರ ವರೆಗಿನ ಲೆಕ್ಕ ನೋಡಿದಾಗ ಎರಡು ಡೋಸಿನ ರಕ್ಷಣೆ ನೂರಕ್ಕೆ 62ರ ಆಸುಪಾಸಿಗೆ ಇಳಿದಿತ್ತು. ಒಂದೇ ಡೋಸಿನಿಂದ ಉಪಯೋಗ ಕಾಣಲಿಲ್ಲ. 2018ರ ಕೊನೆಯಿಂದ 2019ರ ವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜನ ಸತ್ತರು. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ಕಾಯಿಲೆ ಗೊತ್ತಾಗಿ 65 ವರ್ಷವಾಗಿತ್ತು. ಈ ನಡುವೆ ಅದು ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದ ತನಕ ಹೋಗಿ ಬಂದಿದೆ. ವಿಜ್ಞಾನ ಸೋಲಬಹುದು, ಅದಕ್ಕೆ ನಮ್ಮ ತಕರಾರಿಲ್ಲ. ಸೋತದ್ದನ್ನು ತೋಳು ಕೊಟ್ಟವನಿಗೆ ಅವನ ಮಾತಿನಲ್ಲೇ ಕೂತು ಹೇಳಬೇಕು ಅಂತ ನಾವು ಕೇಳುತ್ತಿದ್ದೇವೆ. ಅಧ್ಯಯನ ಬಂದದ್ದು ಇಂಗ್ಲಿಷ್ ಪತ್ರಿಕೆಯಲ್ಲಿ. ತೋಳು ಕನ್ನಡದ್ದಾಗಿತ್ತು.

ಎರಡನೆಯದು ಹಂದಿಗೋಡು. ಇದರ ಬಗ್ಗೆ ಬರೆಯಲು ಕೈ ನಡುಗುತ್ತದೆ. ಸಾಗರ ತಾಲ್ಲೂಕಿನ ಈ ಊರಿನಲ್ಲಿ 1974-75ರ ಹೊತ್ತಿಗೆ ಒಂದು ಕಾಯಿಲೆ ಹೊರಜಗತ್ತಿನ ಕಣ್ಣಿಗೆ ಬಿತ್ತು. ಸೊಂಟದ ಕೀಲಿನಲ್ಲಿ, ಮಂಡಿಯಲ್ಲಿ ನೋವು ಶುರುವಾಗುತ್ತದೆ. ವರ್ಷ ಕಳೆದಂತೆ ಕೀಲು ಸವೆದು ನಡೆ ಬಾಗುತ್ತದೆ. ಕೆಲವರು ಕೋಲು ಹಿಡಿಯುತ್ತಾರೆ. ಕೆಲವರು ಕೈಯೂರಿ ತೆವಳುತ್ತಾರೆ. ಕೆಲವರು ಎತ್ತರ ಬೆಳೆಯದೆ ಉಳಿಯುತ್ತಾರೆ. ಹೀಗಾದವರು ಯಾರು? ಚನ್ನಂಗಿಗಳು, ಚಲವಾದಿಗಳು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ಪರರ ಗದ್ದೆಯ ಕೆಸರಿನಲ್ಲಿ ನಿಂತು ನಟ್ಟಿ ಮಾಡುವ ನಮ್ಮ ಜನ. ಇದೇ ಜಿಲ್ಲೆಯ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಗೆಳೆಯರು ದಲಿತ ಸಂಘರ್ಷ ಸಮಿತಿ ಕಟ್ಟುತ್ತಿದ್ದ ದಶಕವದು. ಒಂದು ಕಡೆ ದಲಿತ ಎದ್ದು ನಿಲ್ಲುತ್ತಿದ್ದ. ಇನ್ನೊಂದು ಕಡೆ ಎದ್ದು ನಿಲ್ಲಲಾರದ ದಲಿತನನ್ನು ಎಕ್ಸರೇ ಯಂತ್ರದ ಮುಂದೆ ಮಲಗಿಸುತ್ತಿದ್ದರು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ಬಂದು 1978ರಲ್ಲಿ ವರದಿ ಪ್ರಕಟಿಸಿದರು. ಎಂಬತ್ತರ ದಶಕದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ದೊಡ್ಡ ಅಧ್ಯಯನ ನಡೆಸಿತು. ಪತ್ರಿಕೆಗಳು ‘ನಿಗೂಢ ಕಾಯಿಲೆ’ ಅಂತ ಬರೆದವು. ಗದ್ದೆಗೆ ಹೊಡೆದ ಕೀಟನಾಶಕ ಏಡಿ, ಮೀನುಗಳಲ್ಲಿ ಸೇರಿ, ಅವನ್ನು ತಿಂದವರಿಗೆ ಬಂತೇ ಎಂಬ ಅನುಮಾನ ಮೊದಲಿಗಿತ್ತು. ಗದ್ದೆಯ ಏಡಿ ನಮ್ಮ ಊಟ, ಅದರಲ್ಲಿ ನಾಚಿಕೆಯಿಲ್ಲ. ಗದ್ದೆಗೆ ವಿಷ ಸುರಿಯಲು ಹೇಳಿದವನು ಯಾರು ಅಂತ ಕೇಳುವ ದಾರಿ ಆಗ ತೆರೆದಿತ್ತು. ಆಮೇಲೆ ಅನುವಂಶೀಯ ಅಂತ ಉತ್ತರ ಬಂತು. ತಂದೆ ಅಥವಾ ತಾಯಿ ಒಬ್ಬರಿಗಿದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ ಅಂತ ವಂಶವೃಕ್ಷ ಬರೆದು ತೋರಿಸಿದರು.

ನಾವು ವಿಜ್ಞಾನವನ್ನು ನಂಬುವವರು. ಪೂಜಾರಿ ಶಾಪ ಅಂದದ್ದಕ್ಕಿಂತ ವಿಜ್ಞಾನಿ ವಂಶವಾಹಿ ಅಂದದ್ದು ಸಾವಿರ ಪಾಲು ಮೇಲು. ಆದರೆ ಆ ಉತ್ತರ ಬಂದ ಮೇಲೆ ಏನಾಯಿತು ನೋಡಿ. ‘ಅದು ಅವರ ರಕ್ತದಲ್ಲೇ ಇದೆ’ ಅಂದ ಕೂಡಲೇ ಸುತ್ತಲಿನ ಸಮಾಜ ನಿಟ್ಟುಸಿರು ಬಿಡಬಹುದು. ನಾವು ಕೊಟ್ಟ ಕೂಲಿಯ ತಪ್ಪಲ್ಲ, ಹೊಡೆದ ಔಷಧಿಯ ತಪ್ಪಲ್ಲ, ಅವರ ಹುಟ್ಟಿನ ತಪ್ಪು! ಹುಟ್ಟಿನಿಂದಲೇ ಹೀಗೆ ಅನ್ನುವ ಮಾತು ನಮಗೆ ಹೊಸದೇ? ಮೂರು ಸಾವಿರ ವರ್ಷ ಕೇಳಿದ ಮಾತು. ಆಗ ಶಾಸ್ತ್ರ ಹೇಳಿತು, ಈಗ ಪ್ರಯೋಗಾಲಯದ ಹೆಸರಿನಲ್ಲಿ ಊರು ಹೇಳುತ್ತದೆ.

ಈ ಮಾತನ್ನು ಬಿಡಿಸಿ ನೋಡೋಣ. ಆ ದೋಷ ಎರಡು ಜಾತಿಗಳ ಒಳಗೇ ಏಕೆ ಸುತ್ತುತ್ತಿದೆ? ಅವರು ಬೇರೆಯವರನ್ನು ಮದುವೆಯಾಗದಂತೆ ಗೋಡೆ ಕಟ್ಟಿದವರು ಯಾರು? ಜಾತಿ ಎಂಬ ಗೋಡೆ ಊಟ, ನೀರು, ಗುಡಿಗಳನ್ನಷ್ಟೇ ಬೇರೆ ಮಾಡಲಿಲ್ಲ. ಅದು ರಕ್ತಕ್ಕೂ ಒಡ್ಡು ಕಟ್ಟಿತು. ಒಡ್ಡಿನೊಳಗೆ ನಿಂತ ನೀರಿನ ಗುಣವನ್ನು ಪರೀಕ್ಷೆ ಮಾಡಿದವರು ಒಡ್ಡನ್ನು ಪರೀಕ್ಷೆ ಮಾಡಬೇಡವೇ?

ಮತ್ತೊಂದು ಮಾತು. ಕೀಲು ಸವೆಯುವುದು ವಂಶವಾಹಿಯಿಂದ, ಒಪ್ಪೋಣ. ಆದರೆ ಸವೆಯುವ ಕೀಲಿರುವ ಹುಡುಗಿಯನ್ನು ಮೊಣಕಾಲುದ್ದ ಕೆಸರಿನಲ್ಲಿ ದಿನವಿಡೀ ಬಗ್ಗಿ ನಿಲ್ಲಿಸಿದ್ದು ವಂಶವಾಹಿಯೇ? ಇದೇ ಮೂಳೆ ಒಬ್ಬ ಜಮೀನ್ದಾರನ ಮಗನಿಗೆ ಬಂದಿದ್ದರೆ ಅವನು ಕುರ್ಚಿಯ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ, ಪೇಟೆಗೆ ಹೋಗಿ ಸೊಂಟದ ಕೀಲು ಬದಲಿಸಿಕೊಂಡು ಬರುತ್ತಿದ್ದ. ನೋವು ಮೂಳೆಯದು, ಒಪ್ಪಿದೆ. ತೆವಳುವ ಸ್ಥಿತಿಯಲ್ಲಿ ಮೂಳೆಯ ಪಾಲೂ ಇದೆ, ಕೂಲಿಯ ಪಾಲೂ ಇದೆ. ಕಾರಣ ರಕ್ತದಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಹೊಣೆಯೂ ರಕ್ತದಲ್ಲೇ ಮುಗಿಯುತ್ತದೆ ಅನ್ನೋದು ವಿಜ್ಞಾನವಲ್ಲ. ಅದು ಜಾಣತನ.

ಆ ಮೇಲೆ ಆರೈಕೆಯ ಮಾತು. ಜ್ವರವಾದರೆ ಹತ್ತು ದಿನ, ಬದುಕಬೇಕು ಇಲ್ಲಾ ಸಾಯಬೇಕು. ಹಂದಿಗೋಡಿನ ನೋವು ನಲವತ್ತು ವರ್ಷ ಇರುತ್ತದೆ. ಎತ್ತಿ ಕೂರಿಸಬೇಕು, ಹೊರಗೆ ಕರೆದೊಯ್ಯಬೇಕು, ನೀರು ಕಾಸಿ ಹೊಯ್ಯಬೇಕು. ಮಾಡುವವರು ಯಾರು? ತಾಯಿ, ಹೆಂಡತಿ, ಸೊಸೆ, ಶಾಲೆ ಬಿಟ್ಟ ಮಗಳು. ಅವಳಿಗೂ ಅದೇ ಮಂಡಿನೋವು ಇದ್ದರೆ? ಮೂಳೆಯ ಎಕ್ಸರೇ ನೂರು ತೆಗೆಯಬಹುದು. ಅವಳ ಬೆನ್ನಿನ ಮೇಲೆ ಬಿದ್ದ ಭಾರದ ಎಕ್ಸರೇ ಯಾವ ಯಂತ್ರ ತೆಗೆಯುತ್ತದೆ? ಕಾರಣ ಹುಡುಕುವವನಿಗೆ ವರದಿ ಬರೆದ ದಿನ ಕೆಲಸ ಮುಗಿಯುತ್ತದೆ. ಅವಳಿಗೆ ಅವತ್ತೂ ನೀರು ಕಾಸುವುದಿದೆ.

ಇಲ್ಲಿ ಒಬ್ಬರು ಎದ್ದು ಕೇಳಬಹುದು. ‘ಸಂಶೋಧಕ ಈ ಕಾಯಿಲೆ ತಂದವನಲ್ಲ, ಬಡತನ ತಂದವನಲ್ಲ. ಅವನ ಮೇಲೆ ಯಾಕೆ ಸಾಲ ಹೊರಿಸುತ್ತೀರಿ?’ ನ್ಯಾಯವಾದ ಪ್ರಶ್ನೆ. ನಾವು ಹೇಳುವುದಿಷ್ಟು. ಪಕ್ಕದ ಮನೆಯಿಂದ ಬೀಜದ ಭತ್ತ ಕಡ ತಂದವನು ಆ ಮನೆಯ ಹಸಿವಿಗೆ ಕಾರಣನಲ್ಲ. ಆದರೂ ಬೆಳೆ ಬಂದ ದಿನ ಭತ್ತ ಅಳೆದು ಕೊಡಲೇಬೇಕು. ತಂದದ್ದೇ ಸಾಲ. ರಕ್ತ ತಂದದ್ದೂ ಹಾಗೆಯೇ. ಅದರಿಂದ ಲೇಖನ ಬೆಳೆಯಿತು, ಪದವಿ ಬೆಳೆಯಿತು. ಬೀಜ ಕೊಟ್ಟವನ ಕೊಳಗ ಮಾತ್ರ ಖಾಲಿ ಇರಬಾರದು.

ಇನ್ನೊಬ್ಬರು ‘ಜ್ಞಾನ ಇಡೀ ಮನುಕುಲದ್ದು’ ಅಂತಾರೆ. ಬಹಳ ಒಳ್ಳೆಯ ಮಾತು. ಜ್ಞಾನ ಎಲ್ಲರದಾದರೆ ಅದರ ಬೆಲೆಯನ್ನೂ ಎಲ್ಲರೂ ತೆರಬೇಕು. ಅಮೆರಿಕದ ಅಲಬಾಮದ ಟಸ್ಕೀಗಿಯಲ್ಲಿ 1932ರಿಂದ 1972ರ ವರೆಗೆ ಆ ದೇಶದ ಸರ್ಕಾರಿ ಆರೋಗ್ಯ ಇಲಾಖೆಯೇ 600 ಬಡ ಕಪ್ಪು ಗಂಡಸರನ್ನು ಅಧ್ಯಯನಕ್ಕೆ ಇಟ್ಟುಕೊಂಡಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಇತ್ತು. ನಿಮ್ಮದು ‘ಕೆಟ್ಟ ರಕ್ತ’ ಅಂತ ಮಾತ್ರ ಹೇಳಿದರು. ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ, ಕಾಯಿಲೆ ತಾನಾಗಿ ಎಲ್ಲಿಗೆ ಮುಟ್ಟುತ್ತದೆ ಅಂತ ನೋಡುತ್ತಾ ಕೂತರು. 1997ರಲ್ಲಿ ಅಧ್ಯಕ್ಷರು ಕ್ಷಮೆ ಕೇಳುವ ಹೊತ್ತಿಗೆ ಬಹುಮಂದಿ ಸತ್ತಿದ್ದರು. ನಮ್ಮಲ್ಲಿ ನಡೆದದ್ದು ಅದೇ ಅಂತ ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ಉತ್ತರ ಹೇಳಬೇಕಾಗಿಲ್ಲದ ಜ್ಞಾನ ಎಲ್ಲಿ ತನಕ ಹೋಗಬಲ್ಲದು ಎಂಬುದಕ್ಕೆ ಅದು ಗುರುತಿನ ಕಲ್ಲು.

ಹಾಗಾದರೆ ಸಂಶೋಧಕರನ್ನು ಓಡಿಸಬೇಕೇ? ಈಸೂರಿನ ಹಾಗೆ ಬಾಗಿಲಿಗೆ ಹಲಗೆ ಹಾಕಬೇಕೇ? ಬೇಡ ಗೆಳೆಯರೇ. ಅದರಲ್ಲಿ ನಮಗೇ ನಷ್ಟ. ಯಾರೂ ಅಳೆಯದ ನೋವು ಸರ್ಕಾರದ ಪುಸ್ತಕದಲ್ಲಿ ಇರುವುದೇ ಇಲ್ಲ. ಶಿಕಾರಿಪುರ, ಸೊರಬದ ಜೋಳದ ಹೊಲದಲ್ಲಿ, ಶುಂಠಿ ಗದ್ದೆಯಲ್ಲಿ ಬರಿಗೈಯಲ್ಲಿ ಔಷಧಿ ಕಲಸಿ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆಯುವ ಹುಡುಗರ ಉಸಿರನ್ನು ಅಳೆಯಬೇಕು. ಮಲದ ಗುಂಡಿಗೆ ಇಳಿಯುವವರ ಆಯಸ್ಸನ್ನು ಅಳೆಯಬೇಕು. ಹಾಸಿಗೆ ಹಿಡಿದ ಮುದುಕರನ್ನು, ಅವರನ್ನು ನೋಡಿಕೊಳ್ಳುವ ಹೆಂಗಸರನ್ನು ಲೆಕ್ಕಕ್ಕೆ ತರಬೇಕು. ಕಾಗೋಡಿನವರು ಕೊಳಗ ಸುಟ್ಟುಹಾಕಿ ಅನ್ನಲಿಲ್ಲ. ಸರಿಯಾದ ಕೊಳಗ ತನ್ನಿ ಅಂದರು. ನಾವೂ ಹಾಗೇ ಅನ್ನುತ್ತೇವೆ.

ಸರಿಯಾದ ಕೊಳಗ ಹೇಗಿರಬೇಕು? ಇದು ನಮ್ಮ ಕನಸಿನ ಮಾತಲ್ಲ. ದಕ್ಷಿಣ ಆಫ್ರಿಕಾದ ಸ್ಯಾನ್ ಜನರನ್ನು ಹೊರಗಿನವರು ಅಳೆದು ಅಳೆದು ಸುಸ್ತುಮಾಡಿದ್ದರು. ಅವರು 2017ರಲ್ಲಿ ತಮ್ಮದೇ ಒಂದು ಸಂಹಿತೆ ಬರೆದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇಲ್ಲದವರು ನಮ್ಮ ಬಳಿ ಸಂಶೋಧನೆಗೆ ಬರಬೇಡಿ ಎಂಬುದು ಅದರ ಸಾರ. ಅಕ್ಷರ ಕಲಿತ ಕೂಡಲೇ ಬೇಟೆಯ ಜನ ಮಾಡಿದ ಕೆಲಸವನ್ನು ಬೇಸಾಯದ ಆಳುಗಳಾದ ನಾವು ಮಾಡಲಾರೆವೇ? ನಮ್ಮ ದೇಶದ ಸಂಶೋಧನಾ ಮಂಡಳಿ ಅದೇ 2017ರಲ್ಲಿ ಹೊರತಂದ ನೀತಿ ನಿಯಮಗಳೂ ಹಿಂದುಳಿದವರಿಗೆ, ದುರ್ಬಲರಿಗೆ ವಿಶೇಷ ರಕ್ಷಣೆ ಇರಬೇಕು, ಸಮುದಾಯಕ್ಕೆ ಫಲದ ಪಾಲು ಸಿಗಬೇಕು ಅಂತ ಹೇಳಿವೆ. ನೈತಿಕ ಸಮಿತಿಯಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಕೂರಬೇಕು ಅಂತಲೂ ಇದೆ. ಆ ಕುರ್ಚಿಯಲ್ಲಿ ಎಷ್ಟು ಕಡೆ ಕೇರಿಯ ಹೆಂಗಸು ಕೂತಿದ್ದಾಳೆ? ಊರಿನ ಹೆಸರನ್ನು ಕಾಯಿಲೆಗೆ ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಕ್ಯಾಸನೂರು, ಹಂದಿಗೋಡು ಅಷ್ಟರೊಳಗೆ ಜಗತ್ತಿನ ಪುಸ್ತಕಗಳಲ್ಲಿ ಕಾಯಿಲೆಗಳಾಗಿ ಉಳಿದುಬಿಟ್ಟಿದ್ದವು. ಹೆಣ್ಣು ಕೊಡುವ, ತರುವ ಮಾತು ಬಂದಾಗ ಊರಿನ ಹೆಸರು ಹೇಳಲು ಅಳುಕುವಂತಾದರೆ ಆ ನಷ್ಟವನ್ನು ತುಂಬಿಕೊಡುವವರು ಯಾರು?

ಆದ್ದರಿಂದ ನಾವು ಕೇಳುವುದು ಇಷ್ಟು. ರಕ್ತ ತೆಗೆಯುವ ಮೊದಲು ಯಾಕೆ ಅಂತ ಕನ್ನಡದಲ್ಲಿ, ಕೇರಿಯಲ್ಲಿ ಕೂತು ಹೇಳಿ. ಬೇಡ ಅನ್ನುವವನಿಗೆ ಪಡಿತರ, ಪಿಂಚಣಿ ಹೋದೀತೆಂಬ ಭಯ ಇರಬಾರದು. ಫಲಿತಾಂಶ ಬಂದಾಗ, ಅದು ಸೋಲೇ ಆಗಿರಲಿ, ಮೊದಲು ನಮಗೆ ಹೇಳಿ. ಕಾರಣ ಹುಡುಕಲು ಎಷ್ಟು ಹಣವೋ ಆರೈಕೆಗೂ ಅಷ್ಟು ಹಣವನ್ನು ಮೊದಲ ದಿನವೇ ಬರೆದಿಡಿ. ಇದನ್ನು ದಯೆ ಅಂತ ಕೊಡಬೇಡಿ, ಕೊಡಬೇಕಾದ ಸಾಲ ಅಂತ ಕೊಡಿ. ದಯೆ ತೋರಿಸುವವನು ಮನಸ್ಸು ಬದಲಿಸಿದರೆ ಅದು ನಿಂತುಹೋಗುತ್ತದೆ. ಸಾಲವನ್ನು ಕೇಳಿ ವಸೂಲು ಮಾಡಬಹುದು.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಕೇರಿಗೆ ಫಾರಂ ಹಿಡಿದು ಬಂದವರು ನೀಡುವ ಒಪ್ಪಿಗೆ ಪತ್ರವನ್ನು ನೀವು ಓದಿ ಹೇಳಿ. ಹೆಬ್ಬೆಟ್ಟು ಒತ್ತುವ ಮೊದಲೇ ಓದಿ ಹೇಳಿ. ವಿದ್ಯಾರ್ಥಿ ಗೆಳೆಯರೇ, ನಮ್ಮ ಮೈಯ ಮೇಲೆ ಬರೆದ ಇಂಗ್ಲಿಷ್ ಲೇಖನಗಳನ್ನು ಹುಡುಕಿ ಕನ್ನಡಕ್ಕೆ ತಂದು ಓದಿ, ತಪ್ಪಿದ್ದರೆ ತಿದ್ದಿ. ನಿಮ್ಮಲ್ಲಿ ಕೆಲವರು ನಾಳೆ ಡಾಕ್ಟರುಗಳಾಗುತ್ತೀರಿ, ಅಂಕಿಸಂಖ್ಯೆ ಬರೆಯುವವರಾಗುತ್ತೀರಿ. ಅವತ್ತು ಕೊಳಗ ನಿಮ್ಮ ಕೈಗೇ ಬರುತ್ತದೆ. ಅಳೆಯುವಾಗ ಭತ್ತ ಯಾರದು ಅಂತ ನೆನಪಿಡಿ.